ಮುಂಡರಗಿಯಿಂದ ದುಬೈ ಹೋಟೆಲ್‌ವರೆಗೆ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ. ಈ ಮೂರೂ ಊರಿಗೆ ರೈಲಿಲ್ಲ. ಹಂಗಾಗಿ ನಮ್ಮ ಕಡಿಯವರ ದುಬೈ ಪ್ರಯಾಣ ಶುರುವಾಗೋದು ಹಿಂದಿನ ದಿನ, ಗದಗಿನ ಬಸ್ ಹತ್ತಿದಾಗಲೇ. ಗದಗಿನಿಂದ ರಾತ್ರಿ ರೈಲು, ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ದೇವನಹಳ್ಳಿ ವಿಮಾನ ನಿಲ್ದಾಣ. ವಿದೇಶಕ್ಕೆ ಹೋಗೋ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಿಂದಲೇ ಹೊರಡತಾವ. ಮೂರು ತಾಸು ಮೊದಲೇ ಮುಟ್ಟಬೇಕು.

ಅದಕ್ಕೂ ಮೊದಲು ಬುತ್ತಿ ಬಿಚ್ಚಿ ನೋಡ್ರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಅಂಟಿನ ಉಂಡಿ, ಕರ್ಚಿಕಾಯಿ ಒಳಗ ಸಣ್ಣ ಬಿಳಿ ಕಾಳು ಕಂಡರ ಅದು ಗಸಗಸಿ ಇರಬಹುದು. ಯುಎಇಯಲ್ಲಿ ಗಸಗಸಿ ನಿಷೇಧ, ಜೈಲಿಗೆ ಹೋದವರೂ ಇದ್ದಾರ. ಅವ್ವ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟಿರಲಿ, ಆ ಡಬ್ಬಿ ಮನ್ಯಾಗ ಬಿಡ್ರಿ. ಈ ವಿಡಿಯೋದಾಗ ಒಂದೇ ಮಾತು ನೆನಪಿಡೋದಾದ್ರ, ಇದನ್ನ ನೆನಪಿಡ್ರಿ.

ಹಾರಾಟ ಸುಮಾರು ನಾಲ್ಕು ತಾಸು. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದ. ಇಲ್ಲಿ 10ಕ್ಕೆ ಹೊರಟರ ಅಲ್ಲಿ ಮಧ್ಯಾಹ್ನ 12:30ರ ಹೊತ್ತಿಗೆ ಇಳೀತೀರಿ. ಆದರ ಬಹಳಷ್ಟು ಹೋಟೆಲಿನಾಗ ಕೋಣೆ ಸಿಗೋದು 2 ಇಲ್ಲಾ 3 ಗಂಟೆ ಮ್ಯಾಲೆ. ರಾತ್ರಿಯಿಡೀ ನಿದ್ದಿಗೆಟ್ಟ ಹಿರಿಯರು ಜೊತೆಗಿದ್ದರ ಇದು ದೊಡ್ಡ ತ್ರಾಸು. ಮೊದಲೇ ಫೋನ್ ಮಾಡಿ ಕೇಳ್ರಿ. ಬ್ಯಾಗ್ ರಿಸೆಪ್ಶನ್‌ನಾಗ ಇಟ್ಟುಕೊಳ್ತಾರ.

ಕೌಂಟರಿನಾಗ ಎಲ್ಲರ ಪಾಸ್‌ಪೋರ್ಟ್ ಕೇಳ್ತಾರ, ಠೇವಣಿನೂ ಕೇಳಬಹುದು. ಅದು ಹೊರಡುವಾಗ ವಾಪಸ್. ವಾಪಸ್ ಬರದಿರೋದು ಟೂರಿಸಂ ದಿರ್ಹಮ್: 2014ರಿಂದ ಬಂದ ಶುಲ್ಕ, ಹೋಟೆಲಿನ ದರ್ಜೆ ನೋಡಿ ಕೋಣೆಗೆ ರಾತ್ರಿಗೆ 7ರಿಂದ 20 ದಿರ್ಹಮ್. ಬುಕಿಂಗ್ ಮೊತ್ತದಾಗ ಸೇರೇದೋ ಇಲ್ಲೋ ನೋಡಿಕೊಳ್ರಿ.

ಮತ್ತ, ಅಲ್ಲಿನ ಸಾಕೆಟ್‌ಗೆ ಮೂರು ಚಪ್ಪಟೆ ಪಿನ್ ಬೇಕು. ಅಡಾಪ್ಟರ್ ಗದಗಿನ್ಯಾಗೇ ಕೊಂಡುಕೊಳ್ರಿ.