ಕನ್ನಡಕದ ಅಂಗಡಿ ಸರಪಳಿಯಾದ ಬಗೆ

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಆಂತರಿಕ ವ್ಯಾಪಾರದ ಪಾಠ ಓದಿದ್ದೇವೆ. ಒಂದೇ ಬಗೆಯ ಸರಕು ಮಾರುವ ವಿಶೇಷ ಅಂಗಡಿಗಳು ಅಲ್ಲಿ ಸಣ್ಣ ವ್ಯಾಪಾರದ ಗುಂಪಿನಲ್ಲಿವೆ, ಸರಪಳಿ ಅಂಗಡಿಗಳು ದೊಡ್ಡ ವ್ಯಾಪಾರದ ಗುಂಪಿನಲ್ಲಿವೆ. ಪರೀಕ್ಷೆಯಲ್ಲಿ ಹಾಗೆಯೇ ಬರೆಯಬೇಕು. ಆದರೆ ನಮ್ಮ ಊರುಗಳ ಮುಖ್ಯರಸ್ತೆಯಲ್ಲಿ ಇವೆರಡೂ ಈಗ ಒಂದಾಗಿವೆ. ಔಷಧಿ, ಮೊಬೈಲ್, ಚಿನ್ನ, ಕನ್ನಡಕ, ಹೀಗೆ ಸರಕು ಒಂದೇ, ಬೋರ್ಡೂ ಒಂದೇ, ಅಂಗಡಿ ಮಾತ್ರ ಊರೂರಿಗೆ.

ನನಗೆ ಇದು ಬರೀ ಪಾಠವಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಅಬ್ಬಾಗೆ ಚಿಕ್ಕ ಕನ್ನಡಕದ ಅಂಗಡಿ ಇದೆ. ಕಳೆದ ವರ್ಷ ಅದೇ ರಸ್ತೆಯಲ್ಲಿ ಒಂದು ಸರಪಳಿ ಅಂಗಡಿ ತೆರೆಯಿತು. ಆದ್ದರಿಂದ ಕನ್ನಡಕದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ.

1984ರಲ್ಲಿ ಶುರುವಾದ ಟೈಟನ್ ಮೊದಲು ಕೈಗಡಿಯಾರದ ಕಂಪನಿ. 2007ರಲ್ಲಿ ಅದು ಟೈಟನ್ ಐಪ್ಲಸ್ ಹೆಸರಿನಲ್ಲಿ ಕನ್ನಡಕದ ಅಂಗಡಿಗಳನ್ನು ತೆರೆಯಿತು. ಅದರ ಕನ್ನಡಕದ ಕಾರ್ಖಾನೆ ನಮ್ಮ ಪಕ್ಕದ ಚಿಕ್ಕಬಳ್ಳಾಪುರದಲ್ಲೇ ಇದೆ. 2010ರಲ್ಲಿ ಬಂದ ಲೆನ್ಸ್‌ಕಾರ್ಟ್ ಇಂಟರ್‌ನೆಟ್‌ನಲ್ಲಿ ಮಾರಾಟ ಮಾಡುತ್ತಿತ್ತು. ಆದರೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು, ಫ್ರೇಮ್ ಹಾಕಿ ನೋಡಬೇಕು ಅನ್ನುವವರೇ ಹೆಚ್ಚು. ಹಾಗಾಗಿ ಅದೂ ಅಂಗಡಿ ತೆರೆಯಿತು. ಈಗ ಭಾರತದಲ್ಲಿ ಅದರ ಅಂಗಡಿಗಳು 2,000ಕ್ಕೂ ಹೆಚ್ಚು.

ಇವು ಬೆಳೆಯಲು ಕಾರಣಗಳೇನು? ಮೊದಲನೆಯದು ಖರೀದಿ. ಅಬ್ಬಾ ಸಗಟು ವ್ಯಾಪಾರಿಯಿಂದ ಐವತ್ತು ಫ್ರೇಮ್ ತಂದರೆ ಕಂಪನಿ ಲಕ್ಷಗಟ್ಟಲೆ ತಾನೇ ಮಾಡಿಸುತ್ತದೆ. ಒಂದೊಂದರ ವೆಚ್ಚ ಇಳಿಯುತ್ತದೆ. ಎರಡನೆಯದು ಕೆಲಸದ ಹಂಚಿಕೆ. ಅಂಗಡಿಯಲ್ಲಿ ಕಣ್ಣು ಪರೀಕ್ಷೆ, ಕಾರ್ಖಾನೆಯಲ್ಲಿ ಲೆನ್ಸ್ ತಯಾರಿ. ಪ್ರತಿ ಅಂಗಡಿಗೂ ದುಬಾರಿ ಯಂತ್ರ ಬೇಕಿಲ್ಲ. ಮೂರನೆಯದು ಫ್ರಾಂಚೈಸಿ. ಊರಿನವರೊಬ್ಬರು ಬಂಡವಾಳ ಹಾಕುತ್ತಾರೆ, ಕಂಪನಿ ಹೆಸರು, ಸರಕು, ತರಬೇತಿ ಕೊಡುತ್ತದೆ. ನಾಲ್ಕನೆಯದು ಬೆಲೆಯ ಚೀಟಿ. ಚೌಕಾಸಿ ಮಾಡಲು ಬಾರದವರಿಗೂ ಅಲ್ಲಿ ಭಯವಿಲ್ಲ.

ಹಾಗಂತ ಬೋರ್ಡುಗಳು ಹೆಚ್ಚಾದರೆ ಲಾಭ ಹೆಚ್ಚಾಗುತ್ತದೆ ಎಂದೇನಿಲ್ಲ. ಕೆಫೆ ಕಾಫಿ ಡೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಒಂದೇ ಅಂಗಡಿಯಾಗಿ ಶುರುವಾಯಿತು. 2019ರ ಹೊತ್ತಿಗೆ 1,700ಕ್ಕೂ ಹೆಚ್ಚು ಅಂಗಡಿಗಳಿದ್ದವು. ಸಾಲದ ಹೊರೆಯ ಮೇಲೆ ಕೊರೊನಾ ಬಂತು. ಕೆಲವೇ ವರ್ಷಗಳಲ್ಲಿ ಅವು ಸುಮಾರು 500ಕ್ಕೆ ಇಳಿದವು. ಗಿರಾಕಿ ಬರಲಿ ಬಿಡಲಿ, ಬಾಡಿಗೆ ಮತ್ತು ಬಡ್ಡಿ ಕಟ್ಟಲೇಬೇಕು. ಸ್ಥಿರ ವೆಚ್ಚ ಎಂದು ನಾವು ಓದುವುದು ಇದನ್ನೇ.

ನಮ್ಮ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದದ್ದು ನಿಜ. ಕಾಲೇಜು ಹುಡುಗರು ಬರುವುದಿಲ್ಲ. ಆದರೆ ಮಗ್ಗದವರು ಬರುತ್ತಾರೆ. ನಲವತ್ತು ದಾಟಿದ ಮೇಲೆ ರೇಷ್ಮೆ ಎಳೆ ಕಡಿದರೆ ಕಣ್ಣಿಗೆ ಕಾಣುವುದಿಲ್ಲ. “ಎಳೆ ಎಷ್ಟು ದೂರದಲ್ಲಿರುತ್ತೆ, ಕೈಯಲ್ಲಿ ತೋರಿಸಿ” ಎಂದು ಕೇಳಿ ಅಬ್ಬಾ ಪವರ್ ನೋಡುತ್ತಾರೆ. ಸ್ಕ್ರೂ ಬಿದ್ದರೆ ಕಾಸು ಕೇಳದೆ ಹಾಕಿಕೊಡುತ್ತಾರೆ. ಸರಪಳಿ ಅಂಗಡಿಗಳಲ್ಲಿ ಗಿರಾಕಿಯ ಜೊತೆ ವೈಯಕ್ತಿಕ ಸಂಬಂಧ ಕಡಿಮೆ ಎಂದು ನಮ್ಮ ಪುಸ್ತಕ ಹೇಳುವುದು ಇದಕ್ಕೇ ಇರಬೇಕು.

ಆದರೆ ಅವರಿಂದ ಕಲಿಯುವುದೂ ಇದೆ. ದೇವನಹಳ್ಳಿಯ ಒಂದು ಸರಪಳಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಖಾಲಾ ಮಗ ಹೇಳಿದ, “ವರ್ಷವಾದ ಕೂಡಲೇ ಗಿರಾಕಿಗೆ ಮೆಸೇಜ್ ಹೋಗುತ್ತೆ.” ಅಬ್ಬಾನ ಗಿರಾಕಿಗಳೆಲ್ಲ ಹಳೆಯ ಮೂರು ನೋಟ್‌ಬುಕ್‌ಗಳಲ್ಲಿದ್ದಾರೆ. ಈ ರಜೆಯಲ್ಲಿ ಅವರ ಹೆಸರು, ಪವರ್, ಫೋನ್ ನಂಬರನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇನೆ, ಪ್ರತಿ ಫ್ರೇಮಿಗೂ ಬೆಲೆಯ ಚೀಟಿ ಅಂಟಿಸುತ್ತಿದ್ದೇನೆ. “ಚೀಟಿ ಇದ್ದರೆ ಜನ ಚೌಕಾಸಿ ಮಾಡಲ್ವಾ?” ಎಂದರು ಅಬ್ಬಾ. ಮೊದಲ ದಿನ ಬಂದವರೆಲ್ಲ ಮಾಡಿದರು. ಆದರೂ ಚೀಟಿಯನ್ನು ತೆಗೆದಿಲ್ಲ.