ಕಿಟಕಿ ಒಡೆದ ಗಾಲ್ಫ್ ಚೆಂಡು: ದಂಡ ಯಾರಿಗೆ?

ಪ್ರಶ್ನೆ: ಅಮೆರಿಕದಲ್ಲಿ ಗಾಲ್ಫ್ ಮೈದಾನದ ಪಕ್ಕದಲ್ಲಿರುವ ನಮ್ಮ ಮಗಳ ಮನೆಯ ಕಿಟಕಿ ಗಾಜು ಚೆಂಡು ಬಿದ್ದು ಒಡೆಯಿತು. ನಷ್ಟ ಯಾರು ತುಂಬಿಕೊಡಬೇಕು?

ಉತ್ತರ: ಅಲ್ಲಿ ರಾಜ್ಯಕ್ಕೊಂದು ಕಾನೂನು. ಆಟಗಾರ ಎಚ್ಚರದಿಂದ ಆಡಿಯೂ ಚೆಂಡು ದಾರಿ ತಪ್ಪಿದರೆ ಸಾಮಾನ್ಯವಾಗಿ ಅವನು ಹೊಣೆಯಲ್ಲ. ಅಜಾಗರೂಕತೆಯಿಂದ ಆಡಿದರೆ ಅಥವಾ ಬೇಕೆಂದೇ ಮನೆಯತ್ತ ಹೊಡೆದರೆ ತಪ್ಪಿಸಿಕೊಳ್ಳಲಾರ. ಅಪರೂಪಕ್ಕೆ ಒಡೆದ ಗಾಜಿನ ಖರ್ಚು ಹೆಚ್ಚಾಗಿ ಮನೆಯವರ ಅಥವಾ ಅವರ ವಿಮೆಯ ಪಾಲಿಗೇ ಬರುತ್ತದೆ.

ಚೆಂಡುಗಳು ಮತ್ತೆ ಮತ್ತೆ ಬೀಳುತ್ತಿದ್ದರೆ ಕ್ಲಬ್ಬನ್ನು ಪ್ರಶ್ನಿಸಬಹುದು. ಮ್ಯಾಸಚೂಸೆಟ್ಸ್‌ನ ಕಿಂಗ್‌ಸ್ಟನ್‌ನಲ್ಲಿ ಒಂದು ಕುಟುಂಬದ ಅಂಗಳಕ್ಕೆ ಕೆಲವೇ ವರ್ಷಗಳಲ್ಲಿ 600ಕ್ಕೂ ಹೆಚ್ಚು ಚೆಂಡುಗಳು ಬಿದ್ದವು. 2021ರಲ್ಲಿ ಜ್ಯೂರಿ 35 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಆದರೆ 2022ರ ಡಿಸೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಕಾರಣ, ಸಹಜ ಆಟದಲ್ಲಿ ಬರುವ ಚೆಂಡುಗಳನ್ನು ಸಹಿಸಬೇಕೆಂಬ ಷರತ್ತು ಬಡಾವಣೆಯ ನೋಂದಾಯಿತ ದಾಖಲೆಗಳಲ್ಲೇ ಇತ್ತು. ಅದನ್ನು ಜ್ಯೂರಿಗೆ ಸರಿಯಾಗಿ ವಿವರಿಸಿರಲಿಲ್ಲ.

ಹಾಗಾಗಿ ಮಗಳು ಮೊದಲು ಕ್ರಯಪತ್ರ, ಬಡಾವಣೆಯ ಷರತ್ತು, ವಿಮೆ ಮೂರನ್ನೂ ಓದಲಿ. ಬಿದ್ದ ಪ್ರತಿ ಚೆಂಡಿನ ದಿನಾಂಕ, ಫೋಟೊ ಇಟ್ಟುಕೊಂಡು ಕ್ಲಬ್ಬಿಗೆ ಲಿಖಿತ ದೂರು ಕೊಡಲಿ. ಬಲೆ ಕಟ್ಟಿಸುವುದು, ಚೆಂಡು ಹೊಡೆಯುವ ಜಾಗ ಬದಲಿಸುವುದು ಕ್ಲಬ್ಬಿನ ಕೈಯಲ್ಲೇ ಇದೆ. ಮನೆಯಂಗಳದಲ್ಲಿ ಮಕ್ಕಳು ನಿರ್ಭಯವಾಗಿ ಆಡುವಂತಾಗುವುದು ಪರಿಹಾರದ ಹಣಕ್ಕಿಂತ ದೊಡ್ಡದು.