ಮೆದುಳಿನ ರಕ್ತನಾಳದ ವ್ಯಾಧಿ ಮತ್ತು ಸುರಕ್ಷಿತ ಹೆರಿಗೆ

ಹಿಂದೊಮ್ಮೆ ಪಾರ್ಶ್ವವಾಯುವಿಗೆ ತುತ್ತಾದ ಅಥವಾ ಮೆದುಳಿನ ರಕ್ತನಾಳದಲ್ಲಿ ದೋಷವುಳ್ಳ ಹೆಣ್ಣುಮಗಳು ಗರ್ಭವತಿಯಾದಾಗ, ಮನೆಮಂದಿ ಮೊದಲು ಕೇಳುವುದು 'ಸಹಜ ಹೆರಿಗೆಯೋ, ಸಿಸೇರಿಯನ್ನೋ?' ಎಂದು. ವಾಸ್ತವವಾಗಿ ಆಕೆಯ ಸುರಕ್ಷತೆ ಈ ಒಂದು ಪ್ರಶ್ನೆಯನ್ನಷ್ಟೇ ಅವಲಂಬಿಸಿಲ್ಲ.

ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಹೆರಿಗೆಯ ರಕ್ತಸ್ರಾವ ಮಿತಿಮೀರದಿರಲೆಂದು ಪ್ರಕೃತಿಯು ರಕ್ತದ ಹೆಪ್ಪುಗಟ್ಟುವ ಗುಣವನ್ನೂ ಹೆಚ್ಚಿಸುತ್ತದೆ. ಇದೇ ರಕ್ಷಣೆ ಕೆಲವರಲ್ಲಿ ಮುಳುವಾಗಿ, ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದುಂಟು. ಒಂದು ಲಕ್ಷ ಗರ್ಭಿಣಿಯರಲ್ಲಿ ಸುಮಾರು 30 ಮಂದಿಗೆ ಪಾರ್ಶ್ವವಾಯು ಉಂಟಾಗುವುದೆಂದು ಅಂದಾಜು. ಹೆರಿಗೆಯ ಆಸುಪಾಸಿನಲ್ಲೂ ಅನಂತರದ 6 ವಾರಗಳಲ್ಲೂ ಅಪಾಯ ಅಧಿಕ.

ವೈದ್ಯರು ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯುತ್ತಾರೆ: ಅದು ಹೆಪ್ಪಿನಿಂದಾದುದೋ, ಒಡೆಯಬಹುದಾದ ರಕ್ತನಾಳದ ಉಬ್ಬೋ? ಬಣ್ಣದ ಚುಚ್ಚುಮದ್ದಿಲ್ಲದ ಎಂ.ಆರ್.ಐ. ಪರೀಕ್ಷೆಯನ್ನು ಗರ್ಭಿಣಿಗೂ ಮಾಡಬಹುದು. ಎರಡನೆಯದು ರಕ್ತದೊತ್ತಡ, 160/110 ಮುಟ್ಟಿದರೆ ತುರ್ತು ಚಿಕಿತ್ಸೆ ಅಗತ್ಯ. ಮೂರನೆಯದು ಔಷಧ. ವಾರ್ಫರಿನ್ ಮಾಸನ್ನು ದಾಟಿ ಶಿಶುವನ್ನು ತಲುಪುತ್ತದೆ, ಹೆಪಾರಿನ್ ದಾಟದು. ಆದರೆ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಲಾಗದು.

ಇವನ್ನೆಲ್ಲ ತೂಗಿನೋಡಿ ನರರೋಗತಜ್ಞರು, ಪ್ರಸೂತಿತಜ್ಞರು ಹಾಗೂ ಅರಿವಳಿಕೆ ತಜ್ಞರು ಒಟ್ಟಾಗಿ ಹೆರಿಗೆಯ ಬಗೆಯನ್ನು ನಿರ್ಧರಿಸುತ್ತಾರೆ. ಅನೇಕರಿಗೆ ಸಹಜ ಹೆರಿಗೆಯೇ ಸಾಧ್ಯ. ಬೆನ್ನಿಗೆ ನೋವುನಿವಾರಕ ಅರಿವಳಿಕೆ ನೀಡಿ, ಕೊನೆಯ ಹಂತದಲ್ಲಿ ಇಕ್ಕಳದ ನೆರವಿನಿಂದ ಮುಕ್ಕುವ ಶ್ರಮವನ್ನು ತಗ್ಗಿಸಬಹುದು.

ಊರು ಬಿಟ್ಟು ಬಂದ ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವ ಸಂಪ್ರದಾಯ ಇಂದಿಗೂ ಉಂಟು. ಬ್ಯಾಂಕಿನಲ್ಲಿ ದಾಖಲೆಯಿಲ್ಲದೆ ಸಾಲದ ಖಾತೆಯನ್ನು ಶಾಖೆಯಿಂದ ಶಾಖೆಗೆ ವರ್ಗಾಯಿಸುವುದಿಲ್ಲ; ಹಾಗಿರುವಾಗ ಇಂಥ ಗರ್ಭಿಣಿಯನ್ನು ಬರಿಗೈಯಲ್ಲಿ ಕಳುಹಿಸುವುದುಂಟೆ? ಸ್ಕ್ಯಾನಿನ ಚಿತ್ರಗಳು, ಔಷಧದ ಚೀಟಿ, ರಕ್ತದೊತ್ತಡದ ಲೆಕ್ಕ ಆಕೆಯೊಡನೆ ಹೋಗಬೇಕು. ನರರೋಗತಜ್ಞರೂ ತೀವ್ರನಿಗಾ ಘಟಕವೂ ಉಳ್ಳ ಆಸ್ಪತ್ರೆ ಊರಿಗೆ ಹತ್ತಿರವಿಲ್ಲದಿದ್ದರೆ, ತಾಯಿಯೇ ನಗರಕ್ಕೆ ಬಂದು ಮಗಳ ಬಾಣಂತನ ಮಾಡುವುದು ಲೇಸು.

ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ನೀರಿನಂಶ ಕುಗ್ಗಿದರೆ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುವುದರಿಂದ ಈ ಪಥ್ಯವನ್ನು ಕೈಬಿಡಬೇಕು. ತೀವ್ರ ತಲೆನೋವು, ಮಂಜಾದ ದೃಷ್ಟಿ, ಫಿಟ್ಸ್, ತೊದಲುಮಾತು, ಕೈಕಾಲುಗಳ ನಿಶ್ಶಕ್ತಿ ಇವುಗಳಲ್ಲಿ ಯಾವುದು ಕಂಡರೂ ಬಾಣಂತಿ ಸನ್ನಿಯೆಂದು ಭಾವಿಸಿ ಕಾಲಹರಣ ಮಾಡದೆ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಮಗು ಹುಟ್ಟಿತೆಂಬ ಸಂಭ್ರಮದಲ್ಲಿ ತಾಯಿಯ ಮೇಲಣ ನಿಗಾ ಸಡಿಲಾಗದಿರಲಿ.